ಅನುದಾನ ಕೇಳುವ ಮೊದಲು ಲೆಕ್ಕದ ಪುಸ್ತಕ ಬಿಚ್ಚಿ

(ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸೇರಿದ್ದ ಕೆರೆ ಸಂಘಗಳವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಲದ ವಿಷಯವಾಗಿ ನಾನು ನಿಮಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ಸೊಸೈಟಿ ಸಾಲ, ಬ್ಯಾಂಕಿನ ಬೆಳೆ ಸಾಲ, ಒಡವೆ ಸಾಲ, ಮಂಡಿಯವನ ಹತ್ತಿರ ತಂದ ಮುಂಗಡ, ಊರಿನ ಕೈಸಾಲ, ಇವೆಲ್ಲ ನಿಮಗೆ ಅಂಗೈ ನೋಡಿಕೊಂಡಷ್ಟು ಸಲೀಸು. ಇವತ್ತು ನಾನು ಮಾತಾಡಬೇಕೆಂದಿರುವುದು ಬೇರೊಂದು ಹಣದ ಬಗ್ಗೆ. ಅದರ ಹೆಸರು ಅನುದಾನ. ವಾಪಸ್ಸು ಕೊಡಬೇಕಾಗಿಲ್ಲ ಅಂತ ಎಲ್ಲರೂ ಹೇಳುವ ಹಣ. ಹಾಗೆ ಹೇಳಿದ್ದನ್ನು ನಂಬಿ ನಾನು ಒಂದು ಸಲ ಕೆಟ್ಟೆ. ನೀವು ಕೆಡಬಾರದು ಅನ್ನೋದಕ್ಕೇ ಈ ಮಾತು.

ಈಗ ಊರೂರಿಗೂ ಒಂದು ಸಂಘ ಇದೆ. ಕೆರೆ ಉಳಿಸೋ ಸಂಘ, ಶಾಲೆ ಉಳಿಸೋ ಸಂಘ, ಯುವಕ ಸಂಘ, ಒಂದೋ ಎರಡೋ ಚಿಕ್ಕ ಟ್ರಸ್ಟು. ಎಲ್ಲರ ಬಾಯಲ್ಲೂ ಒಂದೇ ಮಾತು: "ಎಲ್ಲಿಂದಾದರೂ ಒಂದು ಅನುದಾನ ತರಬೇಕು ಕಣಪ್ಪ." ತರೋಣ, ತಪ್ಪಿಲ್ಲ. ಆದರೆ ತರುವ ಮೊದಲು ಅದು ಎಂಥ ಹಣ ಅಂತ ತಿಳಿದುಕೊಳ್ಳೋಣ.

ದಾನ ಅಂದರೆ ಕೊಟ್ಟವನು ಕೊಟ್ಟು ಮರೆಯುವುದು. ಸಾಲ ಅಂದರೆ ಕೊಟ್ಟವನು ಅಸಲು ಬಡ್ಡಿ ಎಣಿಸುತ್ತ ಕೂರುವುದು. ಅನುದಾನ ಇವೆರಡೂ ಅಲ್ಲ. ಇಂಥ ಕೆಲಸ, ಇಷ್ಟು ದಿನದಲ್ಲಿ, ಇಷ್ಟು ಖರ್ಚಿನಲ್ಲಿ ಮಾಡಿ ತೋರಿಸುತ್ತೇವೆ ಅಂತ ನಾವು ಬರೆದುಕೊಡುವ ಕರಾರು ಅದು. ಕೆಲಸ ಆಯಿತು ಅಂತ ಬಾಯಲ್ಲಿ ಹೇಳಿದರೆ ಸಾಲದು. ಕಾಗದದಲ್ಲಿ ತೋರಿಸಬೇಕು. ತೋರಿಸದೆ ಹೋದರೆ ಮುಂದಿನ ಹಣ ಬರುವುದಿಲ್ಲ, ಬಂದಿದ್ದನ್ನೂ ವಾಪಸ್ಸು ಕೇಳಬಹುದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅಂತ ನಮ್ಮ ಹಿರಿಯರು ನಗುತ್ತಿದ್ದರು. ಅನುದಾನದ ವಿಷಯದಲ್ಲಿ ಮಾತ್ರ ನಗಬೇಡಿ. ಹಿತ್ತಲಿಗೆ ಯಾಕೆ, ಅಂಗಳದಲ್ಲೇ ಎಲ್ಲರೆದುರು ಮೊಳ ಹಾಕಿ ನೋಡಿ.

ನಾನು ಕೆಟ್ಟ ಕಥೆ

ನಮ್ಮೂರ ಕೆರೆಗೆ ನೀರು ತರುವ ಕಾಲುವೆ ಹೂಳು, ಜಾಲಿ ಸೇರಿ ಮುಚ್ಚಿಹೋಗಿತ್ತು. ನಮ್ಮ ಸಂಘಕ್ಕೆ ನಾನೇ ಕಾರ್ಯದರ್ಶಿ. ಒಂದು ಕಡೆಯಿಂದ 6 ಲಕ್ಷ ರೂಪಾಯಿ ಮಂಜೂರಾಯಿತು. ಯಾರು ಕೊಟ್ಟರು ಅನ್ನೋದು ಇಲ್ಲಿ ಬೇಡ, ತಪ್ಪು ಬಹಳ ಮಟ್ಟಿಗೆ ನಮ್ಮದೇ. ಕರಾರು ಪತ್ರ ಇಂಗ್ಲಿಷಿನಲ್ಲಿತ್ತು. ಬ್ಯಾಂಕಿನಲ್ಲಿ ಸಾಲದ ಪತ್ರಕ್ಕೆ ಸಹಿ ಹಾಕುತ್ತೇವಲ್ಲ, ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ, ಹಾಗೇ ಹಾಕಿದೆ.

ಮೊದಲ ಕಂತು 2,40,000 ಬಂತು. ಮಳೆ ಬರುವುದರೊಳಗೆ ಕೆಲಸ ಮುಗಿಸಬೇಕು ಅಂತ ಜೆಸಿಬಿ ಇಳಿಸಿದೆವು. ಕೆಲಸ ಓಡಿತು, ಹಣವೂ ಓಡಿತು. ಎರಡನೇ ಕಂತು ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ನಂಬಿ 2 ಲಕ್ಷ ಕೈಸಾಲ ತಂದೆವು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಮೊದಲ ಕಂತಿನ ಲೆಕ್ಕ ಒಪ್ಪಿಗೆಯಾದ ಮೇಲೇ ಎರಡನೇ ಕಂತು ಅಂತ ಪತ್ರದಲ್ಲಿತ್ತು. ಓದಿದವರು ಯಾರು? ನಮ್ಮ ಹತ್ತಿರ ಇದ್ದದ್ದು ಬಿಳಿ ಚೀಟಿಗಳು. ಕೆಲಸಕ್ಕೆ ಮುಂಚೆ ಕಾಲುವೆ ಹೇಗಿತ್ತು ಅನ್ನೋದಕ್ಕೆ ಅಳತೆಯೂ ಇಲ್ಲ, ಫೋಟೋವೂ ಇಲ್ಲ. ಹೋಗಿ ಬಂದು, ಹೋಗಿ ಬಂದು, ಎರಡನೇ ಕಂತು ಕೈ ಸೇರುವಾಗ ಏಳು ತಿಂಗಳಾಯಿತು.

ಲೆಕ್ಕ ಹಾಕಿ. ತಿಂಗಳಿಗೆ 6,000 ಬಡ್ಡಿ, ಏಳು ತಿಂಗಳಿಗೆ 42,000. ಅನುದಾನದ ಪಟ್ಟಿಯಲ್ಲಿ ಬಡ್ಡಿ ಅನ್ನುವ ಕಲಮೇ ಇಲ್ಲ. ಅದರ ಮೇಲೆ 38,000 ರೂಪಾಯಿಯ ಡೀಸೆಲ್ ಚೀಟಿಗಳನ್ನು ಒಪ್ಪಲಿಲ್ಲ. ಒಟ್ಟು 80,000. ವಾಪಸ್ಸು ಕೊಡಬೇಕಾಗಿಲ್ಲದ ಹಣ ತಂದ ನಾವು 80,000 ಕಳೆದುಕೊಂಡೆವು. ನಮ್ಮ ಮನೆಯ ಎರಡು ಬೆಳೆ ರೇಷ್ಮೆ ಗೂಡಿನ ದುಡ್ಡು ಅದಕ್ಕೇ ಹೋಯಿತು. ಮನೆಯಾಕೆ ಕೇಳಿದಳು, "ಕೆರೆ ಊರಿಂದು, ಸಾಲ ಮಾತ್ರ ನಮ್ದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲುವೆಯಲ್ಲಿ ನೀರು ಹರಿದದ್ದು ನಿಜ. ಆದರೆ ಊರಿನಲ್ಲಿ ಅರ್ಧ ಜನ, "ಕಾರ್ಯದರ್ಶಿ ತಿಂದ" ಅಂತಲೇ ನಂಬಿದ್ದರು. ಯಾಕೆಂದರೆ ಲೆಕ್ಕವನ್ನು ನಾನು ಅವರ ಮುಂದೂ ಇಟ್ಟಿರಲಿಲ್ಲ.

ಅವತ್ತಿನಿಂದ ನಾನು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಹಣ ಎಲ್ಲಿದೆ, ನಮಗೆ ಎಟಕುತ್ತದೆಯೆ?

ಮೊದಲನೆಯದು ಕಂಪನಿಗಳ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ದೊಡ್ಡ ಲಾಭ ಇಲ್ಲವೆ ದೊಡ್ಡ ವಹಿವಾಟಿನ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಸಿಎಸ್‌ಆರ್ ಹಣ ಅಂತ ನೀವು ಕೇಳುವುದು ಇದನ್ನೇ. ಯಾವ ಯಾವ ಕೆಲಸಕ್ಕೆ ಅಂತ ಕಾಯ್ದೆಯ 7ನೇ ಅನುಸೂಚಿಯಲ್ಲಿ ಪಟ್ಟಿ ಇದೆ: ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಮಣ್ಣು ನೀರಿನ ರಕ್ಷಣೆ, ಗ್ರಾಮಾಭಿವೃದ್ಧಿ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದ ಊರುಗಳವರು ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾವು ಕೇಳುವುದು ಭಿಕ್ಷೆ ಅಲ್ಲ, ಕಾನೂನು ಹೇಳಿದ ಮಾತನ್ನೇ ಕೇಳುತ್ತೇವೆ.

ಆದರೆ ಒಂದು ತೊಡಕಿದೆ. ಈ ಹಣ ಪಡೆಯುವ ಸಂಘ ಸರ್ಕಾರದಲ್ಲಿ ಸಿಎಸ್‌ಆರ್-1 ಅನ್ನುವ ನಮೂನೆ ತುಂಬಿ ನಂಬರು ಪಡೆದಿರಬೇಕು. 2021ರ ಏಪ್ರಿಲ್‌ನಿಂದ ಈ ಪದ್ಧತಿ. ಆದಾಯ ತೆರಿಗೆ ಇಲಾಖೆಯ ನೋಂದಣಿ ಇರಬೇಕು. ಕಂಪನಿಯೇ ಕಟ್ಟಿದ ಸಂಸ್ಥೆ ಅಲ್ಲದಿದ್ದರೆ ಅದೇ ತರದ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವವನ್ನೂ ತೋರಿಸಬೇಕು. ಹೋದ ಯುಗಾದಿಗೆ ಹುಟ್ಟಿದ ಸಂಘಕ್ಕೆ ಇದು ನೇರವಾಗಿ ಸಿಗುವುದಿಲ್ಲ. ಅಂಥವರಿಗೆ ಎರಡು ದಾರಿ. ಕಂಪನಿಯೇ ನೇರವಾಗಿ ಕೆಲಸ ಮಾಡಿಸಲಿ, ನಾವು ಊರಿನ ಕಡೆಯಿಂದ ಉಸ್ತುವಾರಿ ಮಾಡುತ್ತೇವೆ ಅನ್ನುವುದು ಒಂದು. ಅನುಭವ ಇರುವ ಸಂಸ್ಥೆಯೊಂದರ ಜೊತೆ ಸೇರುವುದು ಇನ್ನೊಂದು. ಸೇರಿದರೆ ಹಣ ಯಾರ ಖಾತೆಗೆ ಬರುತ್ತೆ, ಬಿಲ್ಲು ಯಾರ ಹೆಸರಿಗೆ, ಕೆಲಸ ಕೆಟ್ಟರೆ ಹೊಣೆ ಯಾರದು ಅಂತ ಮೊದಲೇ ಕನ್ನಡದಲ್ಲಿ ಬರೆಸಿಕೊಳ್ಳಿ.

ಎರಡನೆಯದು ಸರ್ಕಾರದ ಹಣ. ಇದು ಯೋಜನೆಯ ಹೆಸರಿನಲ್ಲಿ ಬರುತ್ತದೆ, ಯೋಜನೆಯ ಜೊತೆ ಹೋಗುತ್ತದೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನೆ ಶುರುವಾದಾಗ, ಆಗಿನ್ನೂ ಒಂದೇ ಆಗಿದ್ದ ನಮ್ಮ ಕೋಲಾರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಊರಿನವರ ಕೆರೆ ಸಂಘ ಕಟ್ಟಬೇಕು, ಊರಿನವರು ತಮ್ಮ ಪಾಲನ್ನೂ ಹಾಕಬೇಕು ಅನ್ನೋದು ಅದರ ರೀತಿ. ನಿಮ್ಮೂರಲ್ಲಿ ಅಂಥ ಸಂಘ ಇತ್ತೆ? ಅದರ ನಡವಳಿ ಪುಸ್ತಕ ಈಗ ಯಾರ ಮನೆಯ ಅಟ್ಟದಲ್ಲಿದೆ? ಹುಡುಕಿ ತೆಗೆಯಿರಿ. ಆ ಹಳೆ ಪುಸ್ತಕದಲ್ಲಿ ಕೆರೆಯ ಅಳತೆ, ಅಚ್ಚುಕಟ್ಟಿನ ವಿವರ ಸಿಕ್ಕಿದರೆ ನಿಮ್ಮ ಹೊಸ ಅರ್ಜಿಯ ಅರ್ಧ ಕೆಲಸ ಮುಗಿದ ಹಾಗೆ.

ಮೂರನೆಯದು ವಿದೇಶಿ ಹಣ. ಇದರ ಆಸೆಯನ್ನು ಚಿಕ್ಕ ಸಂಘಗಳು ಬಿಡುವುದೇ ಮೇಲು. 2010ರ ವಿದೇಶಿ ವಂತಿಗೆ ಕಾಯ್ದೆ, ಅದಕ್ಕೆ 2020ರಲ್ಲಿ ಬಂದ ತಿದ್ದುಪಡಿ, ಎರಡೂ ಬಿಗಿ. ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು. ಒಬ್ಬರು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಇನ್ನೊಂದು ಮಾತು. 2011ರ ನಿಯಮಗಳಲ್ಲಿ ಬಂದ್, ಹರತಾಳ, ರಸ್ತೆ ತಡೆ ಮಾಡುವ ಸಂಘಟನೆಗಳನ್ನು ರಾಜಕೀಯ ಸ್ವರೂಪದವು ಅಂತ ಎಣಿಸಬಹುದು ಎಂದಿತ್ತು. ಪಕ್ಷ ರಾಜಕೀಯದ ಸಂಬಂಧ ಇಲ್ಲದೆ ಜನರ ಹಕ್ಕಿಗಾಗಿ ಹೋರಾಡುವವರಿಗೆ ಇದನ್ನು ಅನ್ವಯಿಸಬಾರದು ಅಂತ 2020ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ನನ್ನ ಸಲಹೆ ಇಷ್ಟೇ: ಹೋರಾಟದ ಹುಂಡಿ ಬೇರೆ, ಕೆರೆ ಸಂಘದ ಖಾತೆ ಬೇರೆ. ಒಂದರ ದುಡ್ಡು ಇನ್ನೊಂದಕ್ಕೆ ಹತ್ತು ರೂಪಾಯಿಯೂ ಸೇರಬಾರದು.

ಕಾಗದ ಪತ್ರ

ಸಂಘ ನೋಂದಣಿಯಾಗಿದೆಯೆ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದರೆ ಮುಗಿಯಲಿಲ್ಲ. ವರ್ಷಾವರ್ಷ ಮಹಾಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ, ಜಮಾ ಖರ್ಚು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟು ಸಂಘ ಸಲ್ಲಿಸಿವೆ? ಇಲ್ಲಿ ಕೂತಿರುವವರು ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ಹೇಳಿಕೊಳ್ಳಿ.

ಸಂಘದ ಹೆಸರಿಗೆ ಪ್ಯಾನ್ ಬೇಕು. ಬ್ಯಾಂಕ್ ಖಾತೆ ಬೇಕು, ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವ ಹಾಗಿರಬಾರದು. ಆ ಇಬ್ಬರು ಅಣ್ಣತಮ್ಮಂದಿರಾಗಿರಬಾರದು. ಪ್ರತಿ ವರ್ಷದ ಲೆಕ್ಕವನ್ನು ಆಡಿಟರ್ ಹತ್ತಿರ ಆಡಿಟ್ ಮಾಡಿಸಿರಬೇಕು. ಕೇಂದ್ರ ಸರ್ಕಾರದ ಹಣ ಕೇಳುವುದಾದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ನಂಬರು ಬೇಕು. ಜನ 12ಎ, 80ಜಿ ಅಂತ ಕರೆಯುವ ಆದಾಯ ತೆರಿಗೆ ನೋಂದಣಿಗಳಿವೆ. ಮೊದಲನೆಯದು ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿಗೆ, ಎರಡನೆಯದು ನಮಗೆ ಕೊಟ್ಟವರಿಗೆ ವಿನಾಯಿತಿ ಸಿಗಲು. ಆ ನಂಬರುಗಳು 1961ರ ಕಾಯ್ದೆಯವು. 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಪಾಸಾಗಿದೆ, ಆದ್ದರಿಂದ ಸೆಕ್ಷನ್ನು, ಅವಧಿ, ನವೀಕರಣ ಎಲ್ಲವನ್ನೂ ಆಡಿಟರನ್ನು ಕೇಳಿಯೇ ಮುಂದೆ ಹೋಗಿ. ಈ ನೋಂದಣಿ ಒಂದು ಸಲ ಮಾಡಿಸಿದರೆ ಕೊನೇತನಕ ಅನ್ನುವ ಕಾಲ ಹೋಯಿತು.

ಇಷ್ಟೆಲ್ಲ ಯಾಕೆ ಅಂತೀರ? ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿಗೆ ನೀವು ಲಾಟು ಹಾಕಿದಾಗ ರೀಲರ್ ಏನು ಮಾಡುತ್ತಾನೆ? ಒಂದು ಹಿಡಿ ಗೂಡು ತೆಗೆದು ಹಿಸುಕಿ ನೋಡುತ್ತಾನೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನೀವು ಹಗಲು ರಾತ್ರಿ ಸೊಪ್ಪು ಹಾಕಿದ ಕಷ್ಟ ಅವನಿಗೆ ಕಾಣುವುದಿಲ್ಲ. ಆ ಹಿಡಿ ಗೂಡು ಏನು ಹೇಳುತ್ತೋ ಅದೇ ರೇಟು. ಅನುದಾನ ಕೊಡುವವನ ಕೈಗೆ ಸಿಗುವ ಹಿಡಿ ಗೂಡು ಅಂದರೆ ನಿಮ್ಮ ನಡವಳಿ ಪುಸ್ತಕ, ಆಡಿಟ್ ವರದಿ.

ಅರ್ಜಿ ಬರೆಯುವುದು

ಅರ್ಜಿಯನ್ನು ನೀವೇ ಬರೆಯಿರಿ. ಹತ್ತಕ್ಕೆ ಒಂದು ಪರ್ಸೆಂಟೇಜು ಕೊಟ್ಟರೆ ಬರೆದು ಮಂಜೂರು ಮಾಡಿಸಿಕೊಡ್ತೀನಿ ಅಂತ ತಿರುಗುವ ದಲ್ಲಾಳಿಗಳಿದ್ದಾರೆ. ಚಿಂತಾಮಣಿ ಟೊಮೇಟೊ ಮಂಡಿಯಲ್ಲಿ ಕಮಿಷನ್ ವಿರುದ್ಧ ಮಾತಾಡುವ ನಾವು, ಕೆರೆಯ ದುಡ್ಡಿನಲ್ಲಿ ಕಮಿಷನ್ ಕೊಡಬಹುದೆ? ಕಮಿಷನ್ ಕೊಟ್ಟ ದುಡ್ಡಿಗೆ ಬಿಲ್ಲು ಎಲ್ಲಿಂದ ತರುತ್ತೀರಿ? ಸುಳ್ಳು ಬಿಲ್ಲು ಹುಟ್ಟುವುದೇ ಅಲ್ಲಿಂದ. ಇಂಗ್ಲಿಷ್ ಬೇಕಾದರೆ ಕಾಲೇಜು ಓದುವ ಊರಿನ ಮಕ್ಕಳಿದ್ದಾರೆ. ವಿಷಯ ನಿಮ್ಮದು, ಭಾಷೆ ಮಾತ್ರ ಅವರದು.

ಅರ್ಜಿಯಲ್ಲಿ, "ನಮ್ಮ ಊರು ಬಹಳ ಹಿಂದುಳಿದಿದೆ, ದಯಮಾಡಿ ಸಹಾಯ ಮಾಡಿ" ಅಂತ ಬರೆಯಬೇಡಿ. ಅಳತೆ ಬರೆಯಿರಿ. ಉದಾಹರಣೆಗೆ, ಕಾಲುವೆ 1 ಕಿಲೋಮೀಟರು ಉದ್ದ, 3 ಮೀಟರು ಅಗಲ, 1 ಮೀಟರು ಆಳಕ್ಕೆ ಹೂಳು ಅನ್ನಿ. ಅಲ್ಲಿಗೆ 3,000 ಘನ ಮೀಟರು ಮಣ್ಣು. ಒಂದು ಟ್ರ್ಯಾಕ್ಟರ್ ಲೋಡಿಗೆ 3 ಘನ ಮೀಟರು ಹಿಡಿದರೆ 1,000 ಲೋಡು. ಲೋಡಿಗೆ ಇಷ್ಟು, ಜೆಸಿಬಿ ಗಂಟೆಗೆ ಇಷ್ಟು, ಅಂತ ಮೂರು ಕಡೆ ದರಪಟ್ಟಿ ತಂದು ಹಚ್ಚಿ. ಎಷ್ಟು ಎಕರೆ ಅಚ್ಚುಕಟ್ಟು, ಎಷ್ಟು ಮನೆ, ಎಷ್ಟು ಬೋರ್‌ವೆಲ್ ಬತ್ತಿವೆ, ಬರೆಯಿರಿ. ಕೆಲಸಕ್ಕೆ ಮುಂಚೆ ನಾಲ್ಕು ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ.

ಇನ್ನು ಕೆರೆ ನಮ್ಮೂರದ್ದು ಅಂತ ನಾವು ಹೇಳಿದರೂ ಕಾಗದದಲ್ಲಿ ಅದು ಸರ್ಕಾರದ್ದು. ಅಚ್ಚುಕಟ್ಟು 40 ಹೆಕ್ಟೇರಿಗೆ ಮೇಲ್ಪಟ್ಟ ಕೆರೆ ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿ, ಅದಕ್ಕಿಂತ ಚಿಕ್ಕವು ಪಂಚಾಯ್ತಿಗಳ ಕೈಯಲ್ಲಿ. ಅವರ ಒಪ್ಪಿಗೆ ಪತ್ರ ಇಲ್ಲದೆ ಒಂದು ಬುಟ್ಟಿ ಮಣ್ಣೂ ಎತ್ತಬೇಡಿ. ಕಾಲುವೆಯನ್ನು ಸರ್ವೆ ಮಾಡಿಸಿ. ಆಗ ಒಂದು ಕಹಿ ಸತ್ಯ ಹೊರಗೆ ಬರುತ್ತದೆ. ಕಾಲುವೆ ಒತ್ತಿಕೊಂಡಿರುವವರು ದೂರದವರಲ್ಲ, ನಾವೇ. ಎರಡು ಸಾಲು ಹಿಪ್ಪುನೇರಳೆಗೋ, ದ್ರಾಕ್ಷಿ ಕಲ್ಲುಕಂಬಕ್ಕೋ ಕಾಲುವೆಯ ಅಂಚು ಹೋಗಿರುತ್ತದೆ. ಅದನ್ನು ಬಿಡಿಸದೆ ಅನುದಾನ ತಂದರೆ ಜೆಸಿಬಿ ಬಂದ ದಿನವೇ ಊರು ಎರಡು ಪಾಲಾಗುತ್ತದೆ. ಮೊದಲು ಪಂಚಾಯ್ತಿ ಕಟ್ಟೆಯಲ್ಲಿ ಕೂತು ಇತ್ಯರ್ಥ ಮಾಡಿಕೊಳ್ಳಿ, ಆಮೇಲೆ ಅರ್ಜಿ.

ನಮ್ಮ ಪಾಲು

ಇಲ್ಲಿ ನಾನು ಬಾಗೇಪಲ್ಲಿಯ ಮಾತು ಎತ್ತಬೇಕು. ಕೆಲವರಿಗೆ ಕಸಿವಿಸಿ ಆಗಬಹುದು. 1977ರಲ್ಲಿ ಅಲ್ಲಿ ಆಡಾಟ್ಸ್ ಅನ್ನುವ ಸಂಸ್ಥೆ ಶುರುವಾಯಿತು. ಅದರ ಜೊತೆ ಕೂಲಿ ಸಂಘ ಬೆಳೆಯಿತು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಹಳ್ಳಿಗಳಿಗೂ ಬಂತು. ಕೂಲಿಗಳೂ, ತುಂಡು ಜಮೀನಿನವರೂ ಅದರ ಸದಸ್ಯರು. ಕೂಲಿ ಸಂಘ ಅಂದರೆ ಜಮೀನುಳ್ಳ ನಮ್ಮಂಥವರು ಮೂಗು ಮುರಿಯುತ್ತಿದ್ದ ಕಾಲ ಒಂದಿತ್ತು. ಯೂರೋಪಿನ ದಾನಿಗಳಿಂದ ಹಣ ಬರುತ್ತಿತ್ತು, ಆ ಹಣದಲ್ಲಿ ಅವರ ಬೆದ್ದಲು ಜಮೀನಿಗೆ ಬದು ಬಿದ್ದವು. ಆದರೆ ಹೊರಗಿನ ಹಣ ಒಂದೇ ನಂಬಿ ಅವರು ಕೂರಲಿಲ್ಲ. ಪ್ರತಿ ಕುಟುಂಬ ತನ್ನ ವರ್ಷದ ಆದಾಯ ಇಷ್ಟು ಅಂತ ಸಂಘದಲ್ಲಿ ಹೇಳಿ, ಅದರಲ್ಲಿ ಒಂದು ಪಾಲನ್ನು ಸಂಘದ ತೆರಿಗೆ ಅಂತ ಕಟ್ಟುತ್ತಿತ್ತು. ಮನೆ ಮನೆಯ ಲೆಕ್ಕ ಇಟ್ಟರು. ಆ ಲೆಕ್ಕದ ಅಭ್ಯಾಸವೇ ಮುಂದೆ ಕೈ ಹಿಡಿಯಿತು. 5,500 ಮನೆಗಳಿಗೆ ಗೋಬರ್ ಗ್ಯಾಸ್ ಮಾಡುವ ಅವರ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ಇಂಗಾಲ ಪದ್ಧತಿಯಲ್ಲಿ ನೋಂದಣಿಯಾಯಿತು. ಯಾವ ಮನೆಯಲ್ಲಿ ಒಲೆ ಉರಿಯಿತು, ಎಷ್ಟು ದಿನ ಉರಿಯಿತು ಅಂತ ತೋರಿಸಿದರೇ ಅಲ್ಲಿ ದುಡ್ಡು. ಬಾಯಿ ಮಾತಿಗೆ ಬೆಲೆ ಇಲ್ಲದ ಕಡೆ ಕೂಲಿಗಳ ಪುಸ್ತಕಕ್ಕೆ ಬೆಲೆ ಬಂತು. ಎಕರೆಗಟ್ಟಲೆ ಜಮೀನು ಇರುವ ನಮಗೆ ಅದು ಆಗುವುದಿಲ್ಲವೆ?

ಆದ್ದರಿಂದ ನಮ್ಮ ಪಾಲು ಮೊದಲು ಹಾಕೋಣ. ಅಚ್ಚುಕಟ್ಟು 120 ಎಕರೆ ಅನ್ನಿ. ಎಕರೆಗೆ 500 ರೂಪಾಯಿ ಎತ್ತಿದರೆ 60,000 ಆಯಿತು. 6 ಲಕ್ಷದ ಕೆಲಸಕ್ಕೆ ಅದು ಹತ್ತನೇ ಒಂದು ಪಾಲು. ಅದನ್ನು ಖಾತೆಗೆ ಕಟ್ಟಿ, ಪಾಸ್‌ಬುಕ್ಕಿನ ನಕಲನ್ನು ಅರ್ಜಿಗೆ ಹಚ್ಚಿ. ಇದರಿಂದ ಮೂರು ಲಾಭ. ಕೊಡುವವನಿಗೆ ನಂಬಿಕೆ ಬರುತ್ತದೆ. ಕಂತು ತಡವಾದರೆ ನಾಲ್ಕು ದಿನ ತಡೆಯುವ ಶಕ್ತಿ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು, 500 ಕೊಟ್ಟ ರೈತ ಲೆಕ್ಕ ಕೇಳುತ್ತಾನೆ. ಲೆಕ್ಕ ಕೇಳುವ ಊರಿನಲ್ಲಿ ಕಾರ್ಯದರ್ಶಿ ಕಳ್ಳನೂ ಆಗುವುದಿಲ್ಲ, ಕಳ್ಳ ಅನ್ನಿಸಿಕೊಳ್ಳುವುದೂ ಇಲ್ಲ.

ಸಹಿ ಹಾಕುವ ಮುಂಚೆ

ಕರಾರು ಪತ್ರವನ್ನು ಕನ್ನಡಕ್ಕೆ ಮಾಡಿಸಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಐದು ಪ್ರಶ್ನೆ ಕೇಳಿ. ಕಂತು ಎಷ್ಟು, ಯಾವ ಯಾವ ಷರತ್ತಿಗೆ? ಯಾವ ಖರ್ಚು ಒಪ್ಪುತ್ತಾರೆ, ಯಾವುದು ಒಪ್ಪುವುದಿಲ್ಲ? ಜಿಎಸ್‌ಟಿ ಒಳಗೆ ಸೇರಿದೆಯೊ ಹೊರಗೊ? ಉಳಿದ ಹಣ ಏನು ಮಾಡಬೇಕು? ಕೆಲಸ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು? ಐದನೆಯದಕ್ಕೆ ಉತ್ತರ ನಮ್ಮಲ್ಲೇ ಇದೆ. ನೀರಗಂಟಿಯ ಪದ್ಧತಿ ನಮ್ಮ ಕೆರೆಗಳಿಗೆ ಹೊಸದಲ್ಲ. ಅವನಿಗೆ ವರ್ಷಕ್ಕೆ ಇಷ್ಟು ಅಂತ ಊರೇ ಕೊಡಬೇಕು. ಅದಕ್ಕೂ ಅನುದಾನ ಕೇಳುವ ಊರಿಗೆ ಕೆರೆ ಯಾಕೆ?

ಕೈಗೆ ಬಂದ ಕಂತಿಗಿಂತ ಒಂದು ರೂಪಾಯಿ ಜಾಸ್ತಿ ಕೆಲಸ ಮಾಡಿಸಬೇಡಿ. ಮಳೆ ಬಂದರೆ ಬರಲಿ. ಅರ್ಧ ಕಾಲುವೆ ಮುಂದಿನ ಬೇಸಿಗೆಯವರೆಗೆ ಕಾಯುತ್ತದೆ, ಮೂರು ರೂಪಾಯಿ ಬಡ್ಡಿ ಒಂದು ದಿನವೂ ಕಾಯುವುದಿಲ್ಲ. ಸಂಘದ ಕೆಲಸಕ್ಕೆ ಯಾವ ಪದಾಧಿಕಾರಿಯೂ ತನ್ನ ಹೆಸರಿನಲ್ಲಿ ಸಾಲ ತರಕೂಡದು ಅಂತ ಈ ದಿನವೇ ನಡವಳಿ ಬರೆಯಿರಿ.

ಹಾಲಿನ ಸೊಸೈಟಿಯಲ್ಲಿ ದಿನಾ ಬೆಳಗ್ಗೆ ನಿಮ್ಮ ಹಾಲಿನ ಅಳತೆ, ಫ್ಯಾಟು ಬರೆದುಕೊಳ್ಳುತ್ತಾರೆ. ಅರ್ಧ ಲೀಟರು ತಪ್ಪಿದರೆ ನೀವು ಜಗಳಕ್ಕೆ ನಿಲ್ಲುತ್ತೀರಿ. ಕೆರೆ ಸಂಘದ ಲೆಕ್ಕವನ್ನೂ ಹಾಗೇ ಪ್ರತಿ ತಿಂಗಳು ಅದೇ ಡೇರಿಯ ಗೋಡೆಗೆ ಅಂಟಿಸಿ. ಓದು ಬಾರದವರಿಗೆ ಓದಿ ಹೇಳಿ.

ಇಷ್ಟೆಲ್ಲ ಮಾಡಿದರೂ ಅನುದಾನ ಬರದೆ ಹೋಗಬಹುದು. ಒಂದು ಕಡೆ ಇಲ್ಲ ಅಂದರೆ ಯಾಕೆ ಇಲ್ಲ ಅಂತ ಕೇಳಿ ಬರೆಸಿಕೊಳ್ಳಿ, ತಿದ್ದಿ ಇನ್ನೊಂದು ಕಡೆ ಹಾಕಿ. ಬರದಿದ್ದರೂ ನಿಮ್ಮ ಹತ್ತಿರ 60,000 ರೂಪಾಯಿ, ಸರ್ವೆಯಾದ ಕಾಲುವೆ, ಜಗಳ ತೀರಿದ ಊರು ಉಳಿದಿರುತ್ತದೆ. ಅಷ್ಟರಲ್ಲಿ 100 ಮೀಟರು ಕಾಲುವೆ ತೆಗೆಯಬಹುದು. ತೆಗೆದು ಫೋಟೋ ಹಿಡಿದು ಮುಂದಿನ ಅರ್ಜಿಗೆ ಹಚ್ಚಿ.

ನನ್ನ 80,000 ಹೋಯಿತು, ಅದರ ಪಾಠ ನಿಮಗೆ ಪುಕ್ಕಟೆ ಕೊಟ್ಟಿದ್ದೇನೆ. ಊರಿಗೆ ಹೋಗಿ ಮೊದಲು ಸಂಘದ ಪುಸ್ತಕ ಬಿಚ್ಚಿ ನೋಡಿ. ಕೊನೆಯ ಸಭೆ ಯಾವತ್ತು ನಡೆಯಿತು, ಕೊನೆಯ ಲೆಕ್ಕ ಯಾವತ್ತು ಬರೆದಿರಿ ಅಂತ ಅದೇ ಹೇಳುತ್ತದೆ. ಕೊಡುವವನ ಮುಂದೆ ಬರಿಗೈ ಚಾಚಬೇಡಿ, ಆ ಪುಸ್ತಕ ಹಿಡಿದುಕೊಂಡು ಹೋಗಿ.